ಲಾದ್ರು ಮಾಮನ ಉಯ್ಯಾಲೆ ಕುಣಿತ

ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆಗೆ ಒಂದು ವಾಸನೆಯಿದೆ. ಅರ್ಧ ಹುಳಿ, ಅರ್ಧ ಲೋಹ. ಮೂಗಿನ ಆಳದಲ್ಲಿ ಸ್ವಲ್ಪ ಹೊತ್ತು ಕೂತು ಎದ್ದು ಹೋಗುವಂಥದು. ಹಬ್ಬದ ಹಿಂದಿನ ದಿನ ಸೊಸೆ ದೀಪದ ಕಂಬಗಳನ್ನು ಹಿತ್ತಿಲ ಕಲ್ಲಿನ ಮೇಲೆ ಸಾಲಾಗಿ ಇಟ್ಟು ತೊಳೆಯುವಾಗ ನಾನು ಕುರ್ಚಿಯನ್ನು ಅಲ್ಲಿಗೇ ಹಾಕಿಸಿಕೊಳ್ಳುತ್ತೇನೆ. ಮುದುಕಿಗೆ ಬಿಸಿಲು ಬೇಕಾಗಿದೆ ಎಂದು ಮನೆಯವರು ತಿಳಿದಿದ್ದಾರೆ. ಹಾಗೆಯೇ ತಿಳಿದುಕೊಳ್ಳಲಿ ಎಂದು ನಾನೂ ಬಿಟ್ಟಿದ್ದೇನೆ. ಆ ವಾಸನೆ ಬಂದಾಗ ನನ್ನ ಕಣ್ಣಿಗೆ ಕಟ್ಟುವುದು ಒಂದು ಕಾರ್ನೆಟ್ಟು, ಬ್ಯಾಂಡಿನವರು ಊದುವ ಗಿಡ್ಡ ತುತ್ತೂರಿ. ಅದರ ಹಿಂದೆಯೇ ನರಸಿಂಹರಾಜಪುರದ ಆಸ್ಪತ್ರೆಯ ಹಿಂಬದಿಯಲ್ಲಿದ್ದ ಮೂರು ಮನೆಗಳ ಸಾಲು, ಆ ಸಾಲಿನ ಕೊನೆಯ ಮನೆಯ ಜಗಲಿ, ಜಗಲಿಯ ಕೆಂಪು ಗಾರೆ ನೆಲ. ನಿಮಗೂ ಇಂಥದೊಂದು ಜಗಲಿ ಇದ್ದಿರಬಹುದು. ನಿಮ್ಮದಲ್ಲದ ಮನೆಯದು, ಸ್ವಂತ ಮನೆಗಿಂತ ಹೆಚ್ಚು ನೆನಪಿನಲ್ಲಿ ಉಳಿದುಬಿಟ್ಟದ್ದು.

ನಾನು ಹೇಳುತ್ತಿರುವುದು ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಒಂದು ವರ್ಷ ಮುಂಚಿನ ಮಾತು. ನನಗೆ ಆಗ ಹತ್ತು ವರ್ಷ. ಊರಿಗೆ ಹೊಸ ಹೆಸರು ಬಂದು ಎಷ್ಟೋ ಕಾಲವಾಗಿದ್ದರೂ ಸುತ್ತಲಿನವರು ಇನ್ನೂ ಎಡೇಹಳ್ಳಿ ಎಂದೇ ಕರೆಯುತ್ತಿದ್ದರು. ಅಪ್ಪಯ್ಯ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಮಲೇರಿಯಾದ ಸೀಮೆಯಾದ್ದರಿಂದ ಅವರ ದಿನವೆಲ್ಲ ಕ್ವಿನೈನ್ ಕಲಸುವುದರಲ್ಲಿ, ಸೀಸೆಗಳಿಗೆ ಕಾಗದದ ಅಳತೆಪಟ್ಟಿ ಅಂಟಿಸುವುದರಲ್ಲಿ ಕಳೆಯುತ್ತಿತ್ತು. ಅವರು ಮುಟ್ಟಿದ ಅನ್ನವೂ ಕಹಿಯಾಗಿರುತ್ತದೆ ಎಂದು ನಾನು ನಂಬಿದ್ದೆ. ಅಮ್ಮ ಬಾಣಂತನಕ್ಕೆಂದು ಕೊಪ್ಪದ ತವರಿಗೆ ಹೋಗಿದ್ದಳು. ಮನೆಯಲ್ಲಿ ಅಪ್ಪಯ್ಯನ ತಾಯಿ, ಶೃಂಗೇರಿ ಕಡೆಯ ನನ್ನ ಅಜ್ಜಿ. ಮಡಿ ಹುಡಿ ಎಲ್ಲ ಇದ್ದ ಹೆಂಗಸು, ಆದರೆ ಮಾತು ಕಡಿಮೆ. ಮಧ್ಯದ ಮನೆ ನಮ್ಮದು, ಆ ಬದಿಯದು ಡಾಕ್ಟರದು, ಈ ಬದಿಯದು ಮಿಡ್‌ವೈಫ್ ಮೋನಕ್ಕನದು. ಮೋನಕ್ಕ ಮಂಗಳೂರಿನ ಕೊಂಕಣಿ ಕ್ರಿಶ್ಚಿಯನ್ ಹೆಂಗಸು. ದೊಡ್ಡವರ ಬಾಯಲ್ಲಿ ನರ್ಸಮ್ಮ. ಬಿಳಿ ಸೀರೆ ಉಟ್ಟು, ಕೈಯಲ್ಲಿ ಚರ್ಮದ ಚೀಲ ಹಿಡಿದು, ಗಾಡಿ ಬರಲಿ ಬಿಡಲಿ ಹಳ್ಳಿಗಳಿಗೆ ನಡೆದೇ ಹೊರಟುಬಿಡುವವಳು. ಅವಳ ಮನೆಗೆ ನಾನು ಹೋಗಬಹುದಿತ್ತು. ಆದರೆ ವಾಪಸು ಬಂದಾಗ ನಮ್ಮ ಹಿತ್ತಿಲ ಬಾವಿಕಟ್ಟೆಯಲ್ಲಿ ಎರಡು ಕೊಡ ನೀರು ಸುರಿದುಕೊಂಡೇ ಒಳಗೆ ಕಾಲಿಡಬೇಕು. ಅಜ್ಜಿಯ ಕಟ್ಟಳೆ ಅಷ್ಟೇ ಆಗಿತ್ತು.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ, ತರೀಕೆರೆಯಿಂದ ಬರುವ ಪುಟ್ಟ ರೈಲಿನಲ್ಲಿ ಮೋನಕ್ಕನ ತಮ್ಮ ಬಂದ. ಹೆಸರು ಲಾದ್ರು. ನಾವು ಮಕ್ಕಳು ಮೊದಲ ದಿನದಿಂದಲೇ ಲಾದ್ರು ಮಾಮ ಎಂದೆವು. ತೆಳ್ಳಗೆ, ಎತ್ತರಕ್ಕೆ, ಕೆನ್ನೆ ಒಳಗೆ ಹೋದ ಮನುಷ್ಯ. ಈ ಕಾಡಿನ ಊರಿನಲ್ಲಿ ಯಾರೂ ಕಂಡಿರದಂಥ ಎರಡು ಬಣ್ಣದ ಬೂಟು ಹಾಕಿದ್ದ. ಹತ್ತು ವರ್ಷ ಮುಂಬಯಿಯ ಹೋಟೆಲುಗಳಲ್ಲಿ ಬ್ಯಾಂಡಿನವರ ಜೊತೆ ಕಾರ್ನೆಟ್ ಊದಿದ್ದವನು. ಎದೆಯ ರೋಗ ಹಿಡಿದು, ಇನ್ನು ಊದಿದರೆ ಬದುಕುವುದಿಲ್ಲ ಎಂದು ಅಲ್ಲಿನ ಡಾಕ್ಟರು ಹೇಳಿದ್ದರಿಂದ ಅಕ್ಕನ ಹತ್ತಿರ ಬಂದಿದ್ದ. ನಮ್ಮ ಡಾಕ್ಟರೂ ಎದೆಗೆ ಕಿವಿಯಿಟ್ಟು ಅದನ್ನೇ ಹೇಳಿದರು. ಶನಿವಾರ ಶನಿವಾರ ಮೋನಕ್ಕ ಆ ಕಾರ್ನೆಟ್ಟಿಗೆ ಹುಣಸೆಹಣ್ಣು ಹಚ್ಚಿ ತೊಳೆದು ಬಿಸಿಲಿಗಿಡುವಳು, ಗುಂಡಿಗಳು ಕೆಟ್ಟುಹೋಗುತ್ತವೆ ಎಂದು ಲಾದ್ರು ಮಾಮ ಗೊಣಗುವನು. ಆಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಮೂರು ಗುಂಡಿಗಳನ್ನು ಬೆರಳಿನಿಂದ ಒತ್ತುತ್ತ ಕೂರುವನು. ಟಕಟಕ ಎನ್ನುವ ಸಣ್ಣ ಸದ್ದು ಮಾತ್ರ ಬರುತ್ತಿತ್ತು. ಮನಸ್ಸಿನಲ್ಲಿ ಅವನು ಏನು ಊದುತ್ತಿದ್ದನೋ ನಮಗೆ ಕೇಳುತ್ತಿರಲಿಲ್ಲ.

ಅವನ ಟ್ರಂಕಿನಲ್ಲಿ ಒಂದು ಗ್ರಾಮಾಫೋನೂ ಮೂರು ಪ್ಲೇಟುಗಳೂ ಇದ್ದವು. ಅದರ ಆಸೆಗೆ ನಾವು ಶಾಲೆ ಬಿಟ್ಟೊಡನೆ ಆ ಜಗಲಿಗೆ ಓಡುತ್ತಿದ್ದೆವು. ನಾವೆಂದರೆ ಡಾಕ್ಟರ ಇಬ್ಬರು ಗಂಡುಮಕ್ಕಳು, ನಾನು, ಮತ್ತು ಸಣ್ಣಿ. ಸಣ್ಣಿಯ ತಾಯಿ ಆಸ್ಪತ್ರೆಯಲ್ಲಿ ಕಸ ಗುಡಿಸಿ ಪಾಯಿಖಾನೆ ತೊಳೆಯುತ್ತಿದ್ದಳು. ಅಪ್ಪ ಸತ್ತವರ ಮನೆಗಳಲ್ಲಿ ತಮಟೆ ಬಡಿಯುತ್ತಿದ್ದ. ಆಸ್ಪತ್ರೆಯ ಬೇಲಿಯಾಚೆ ಅವರ ಗುಡಿಸಲು. ಸಣ್ಣಿ ನನ್ನ ತರಗತಿಯಲ್ಲೇ ಓದುತ್ತಿದ್ದಳು, ಬಾಗಿಲ ಹತ್ತಿರ ಬೇರೆ ಕೂತು. ವಯಸ್ಸು, ಎತ್ತರ ಎರಡೂ ನನ್ನಷ್ಟೇ. ಮೊದಲ ಕೆಲವು ದಿನ ಅವಳು ಅಂಗಳದಲ್ಲೇ ನಿಂತು ಕೇಳುತ್ತಿದ್ದಳು. ಒಂದು ದಿನ ಲಾದ್ರು ಮಾಮ ಅವಳನ್ನು ಮೇಲೆ ಕರೆದು ಕೂರಿಸಿದ. ಈ ಜಗಲಿಯ ಮೇಲೆ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು ಎಂದು ಅವತ್ತೇ ನಿಯಮ ಮಾಡಿದ. ಅಲ್ಲಿಯವರೆಗೆ ನನ್ನನ್ನು ಅಮ್ಮಾರೆ ಎನ್ನುತ್ತಿದ್ದ ಸಣ್ಣಿ ಬಹಳ ಹೊತ್ತು ತಡವರಿಸಿ ನಾಗವೇಣಿ ಎಂಬ ನನ್ನ ಹೆಸರನ್ನು ಮೊಟಕು ಮಾಡಿ, ವೇಣಿ ಎಂದಳು. ಮೆಟ್ಟಿಲು ಇಳಿದ ಮೇಲೆ ಮತ್ತೆ ಅಮ್ಮಾರೆ. ನಮಗಿಬ್ಬರಿಗೂ ಅದು ವಿಚಿತ್ರವೆನಿಸಲಿಲ್ಲ. ಆಟದ ಗೆರೆ ದಾಟಿದ ಹಾಗೆ ಇತ್ತು.

ಅವನು ನಮಗೆ ಮೊದಲು ಕಲಿಸಿದ್ದು ಚಪ್ಪಾಳೆ. ನಾನು ಅಜ್ಜಿಯ ಭಜನೆಯಲ್ಲಿ ತಾಳ ಹಾಕಿ ಬೆಳೆದವಳು, ನಾಲ್ಕು ಎಣಿಕೆಯಲ್ಲಿ ಮೊದಲನೆಯದಕ್ಕೇ ಕೈ ತಾನಾಗಿ ಬೀಳುತ್ತಿತ್ತು. ಡಾಕ್ಟರ ಮಕ್ಕಳದೂ ಹಾಗೆಯೇ. ಲಾದ್ರು ಮಾಮ ನಗುತ್ತಿದ್ದ. "ಒಂದಕ್ಕೆ ತಟ್ಟುವುದು ಸಿಪಾಯಿಗಳು, ಮಕ್ಕಳೇ. ನಾವು ತಟ್ಟುವುದು ಎರಡಕ್ಕೆ, ನಾಲ್ಕಕ್ಕೆ. ಗೊತ್ತಾಯಿತಲ್ಲ?" ನಮಗೆ ಗೊತ್ತಾಗಲಿಲ್ಲ. ಸಣ್ಣಿ ಮಾತ್ರ ಯಾರೂ ಹೇಳಿಕೊಡದೆ, ಮೊಣಕಾಲಿನ ಮೇಲೆ ಬೆರಳು ತಟ್ಟಿ, ಅದನ್ನು ಸರಿಯಾಗಿ ಹಿಡಿದುಬಿಟ್ಟಳು. ಈ ತಾಳದ ಹೆಸರು ಸ್ವಿಂಗ್, ಸ್ವಿಂಗ್ ಎಂದರೆ ಉಯ್ಯಾಲೆ ಎಂದು ಅವನು ಹೇಳಿದ. ಉಯ್ಯಾಲೆ ಮೇಲಕ್ಕೆ ಹೋದಾಗ ಕೆಳಗಿಳಿಯುವ ಮುನ್ನ ಒಂದಿಷ್ಟು ತಡೆಯುತ್ತದಲ್ಲ, ಆ ತಡೆ ತಾಳದಲ್ಲಿರಬೇಕು. ಅದಿಲ್ಲದಿದ್ದರೆ ಹಾಡು ಗಡಿಯಾರದ ಹಾಗೆ ಕೇಳುತ್ತದೆ ಎಂದ. ಸಂಜೆ ಪುಟ್ಟ ರೈಲು ಹೊರಡುವ ಹೊತ್ತಿಗೆ ನಮ್ಮನ್ನು ಕಂಬಿಯ ಪಕ್ಕದ ದಿಬ್ಬಕ್ಕೆ ಕರೆದುಕೊಂಡು ಹೋಗಿ, ಗಾಲಿಗಳು ಕಂಬಿಯ ಸಂದು ದಾಟುವ ಸದ್ದಿನ ಮೇಲೆ ಬಾಯಲ್ಲೇ ಕಾರ್ನೆಟ್ ನುಡಿಸುತ್ತಿದ್ದ. ಮಾತಿಲ್ಲ, ಬರೀ ದೂಬಾ ದೂಬಾ ಎಂಬಂಥ ಸದ್ದುಗಳು. ನಾವು ಅದಕ್ಕೆ ಪ್ರತಿಯಾಗಿ ಹಾಡಬೇಕು. ಗದ್ದೆ ನೆಟ್ಟಿಯಲ್ಲಿ ಒಬ್ಬಳು ಪದ ಎತ್ತಿದರೆ ಉಳಿದವರು ಸೊಲ್ಲು ಕೊಡುತ್ತಾರಲ್ಲ, ಹಾಗೆ. ಪದ ಕೇಳಿಸಿಕೊಂಡವನು ಸೊಲ್ಲು ಕೊಡದೆ ಸುಮ್ಮನಿರುವುದು ಈ ಸಂಗೀತದಲ್ಲಿ ಮರ್ಯಾದೆಯಲ್ಲ ಎನ್ನುತ್ತಿದ್ದ.

ಆ ಸಂಗೀತದ ಹೆಸರು ಜಾಝ್ ಎಂದೂ, ಅದು ಹುಟ್ಟಿದ್ದು ನ್ಯೂ ಆರ್ಲಿಯನ್ಸ್ ಎಂಬ ಊರಿನಲ್ಲೆಂದೂ, ಅಲ್ಲಿನ ಕರಿಯ ಜನರನ್ನು ಹಿಂದೆ ಸಂಕೋಲೆ ಹಾಕಿ ಹಡಗಿನಲ್ಲಿ ತುಂಬಿ ತಂದು ಮಾರಿದ್ದರೆಂದೂ ನಮಗೆ ತಿಳಿದದ್ದು ಹೀಗೆ, ಜಗಲಿಯ ಮೇಲೆ ಹುರಿದ ಹಲಸಿನ ಬೀಜ ಸುಲಿಯುತ್ತ. ಹತ್ತಿಯ ಹೊಲದಲ್ಲಿ ಅವರು ಹಾಡಿಕೊಂಡದ್ದು, ಸೈನ್ಯದವರು ಬಿಟ್ಟುಹೋದ ತುತ್ತೂರಿಗಳನ್ನು ಕೊಂಡು ತಾವಾಗಿ ಕಲಿತದ್ದು, ಹೆಣ ಹೊತ್ತು ಹೋಗುವಾಗ ನಿಧಾನವಾಗಿ ಊದಿ, ಮಣ್ಣು ಮಾಡಿ ಬರುವಾಗ ಕುಣಿಯುತ್ತ ಬರುವುದು. ಅದನ್ನು ಕೇಳಿ ಸಣ್ಣಿ, ತನ್ನಪ್ಪನೂ ಹಾಗೆಯೇ ಬಡಿಯುವುದು, ಹೋಗುವಾಗ ಒಂದು ಥರ, ಬರುವಾಗ ಒಂದು ಥರ ಎಂದಳು. ಲಾದ್ರು ಮಾಮ ಅವಳಿಂದ ಎರಡನ್ನೂ ನೆಲದ ಮೇಲೆ ತಟ್ಟಿಸಿ ಕೇಳಿದ. ಅವನಿಗೆ ಕಲಿಸಿದವನು ಮುಂಬಯಿಗೆ ಬ್ಯಾಂಡಿನ ಜೊತೆ ಬಂದಿದ್ದ ಆ ಕರಿಯ ಜನರಲ್ಲೊಬ್ಬನಂತೆ. ತನ್ನ ದೇಶದಲ್ಲಿ ಸಾವಿರ ಜನ ತನ್ನ ಹಾಡಿಗೆ ಕುಣಿಯುವ ಹೋಟೆಲಿಗೆ ಅವನು ಅಡುಗೆಮನೆಯ ಬಾಗಿಲಿನಿಂದ ಒಳಗೆ ಹೋಗಬೇಕಾಗಿತ್ತಂತೆ. ನನಗೆ ಬಹಳ ಸಿಟ್ಟು ಬಂತು. ಮುಂಬಾಗಿಲಿಂದ ಯಾಕೆ ಬಿಡುತ್ತಿರಲಿಲ್ಲ ಎಂದು ಜೋರಾಗಿ ಕೇಳಿದೆ. ಸಣ್ಣಿ ಬೀಜದ ಸಿಪ್ಪೆ ತೆಗೆಯುತ್ತಲೇ, "ನಾನೂ ನಿಮ್ಮನೀಗೆ ಹಿತ್ಲಿಂದ್ಲೇ ಅಲ್ದಾ ಬರದು, ವೇಣಿ?" ಎಂದಳು. ಆಕ್ಷೇಪದ ದನಿಯಾಗಿರಲಿಲ್ಲ. ಹೋಲಿಕೆ ಸಿಕ್ಕಿತೆಂದು ಹೇಳಿದ್ದಳು, ಅಷ್ಟೆ. ಲಾದ್ರು ಮಾಮ ಎದ್ದುಹೋಗಿ ಗ್ರಾಮಾಫೋನಿಗೆ ಕೀಲಿ ಕೊಟ್ಟ.

ಕುಣಿತ ಶುರುವಾದದ್ದು ಸಂಕ್ರಾಂತಿ ಹೊತ್ತಿಗೆ. ಅದು ಜೋಡಿಯ ಕುಣಿತ. ಹಿಂದೆ ಒಂದು ಹೆಜ್ಜೆ, ಮುಂದೆ ಒಂದು ಹೆಜ್ಜೆ, ಆಮೇಲೆ ಮೂರು ಪುಟ್ಟ ಹೆಜ್ಜೆ. ಕೈ ಕೈ ಹಿಡಿದು ಎಳೆದು ದೂರಕ್ಕೆ ಚಿಮ್ಮುವುದು, ತಿರುಗಿ ಬಂದು ಮತ್ತೆ ಹಿಡಿಯುವುದು. ಡಾಕ್ಟರ ಮಕ್ಕಳದು ಒಂದು ಜೋಡಿ, ಎತ್ತರ ಸಮವೆಂದು ನಾನೂ ಸಣ್ಣಿಯೂ ಇನ್ನೊಂದು. ಅವಳ ಅಂಗೈಯನ್ನು ಮೊದಲ ಸಲ ಹಿಡಿದಾಗ ಅದು ಒರಟಾಗಿ, ಬೆಚ್ಚಗೆ, ಸ್ವಲ್ಪ ಫಿನಾಯಿಲಿನ ವಾಸನೆ ಹೊಡೆಯುತ್ತಿದ್ದುದು ನೆನಪಿದೆ. ಭಯವಾಗಲಿಲ್ಲ. ಹೇಗಿದ್ದರೂ ಬಾವಿಕಟ್ಟೆಯ ಎರಡು ಕೊಡ ನೀರು ಇತ್ತಲ್ಲ. ಮೋನಕ್ಕನ ಜಗಲಿಗೂ ನಮ್ಮ ಹಿತ್ತಿಲಿಗೂ ನಡುವೆ ದಟ್ಟ ದಾಸವಾಳದ ಬೇಲಿಯಿತ್ತು. ನಮ್ಮ ಕುಣಿತ ಯಾರಿಗೂ ಕಾಣದು ಎಂದುಕೊಂಡಿದ್ದೆ. ಎರಡು ತಿಂಗಳು ಪ್ರತಿ ಸಂಜೆ ಹೀಗೆ ಕುಣಿದೆವು. ಲಂಗ ಗಾಳಿಗೆ ಬುಟ್ಟಿಯಾಗಿ ಎದ್ದು, ಕೆಂಪು ನೆಲದ ಪುಡಿ ಪಾದಕ್ಕೆ ಮೆತ್ತಿ, ದಣಿದು ಕಂಬಕ್ಕೆ ಒರಗುವವರೆಗೆ. ಸಣ್ಣಿ ನನ್ನನ್ನು ಎಳೆದು ಬಿಟ್ಟಾಗ ಹೊಟ್ಟೆಯೊಳಗೆ ಹುಟ್ಟುತ್ತಿದ್ದ ಜುಂ ಎನ್ನುವ ಸುಖ ಆಮೇಲೆ ಯಾವುದರಲ್ಲೂ ಸಿಕ್ಕಿದ್ದಿಲ್ಲ.

ಶಾಲೆಯ ವಾರ್ಷಿಕೋತ್ಸವ ಬಂತು. ಹೆಡ್ ಮಾಸ್ತರರು ಆಸ್ಪತ್ರೆಗೆ ಬಂದವರು ಗ್ರಾಮಾಫೋನಿನ ಸದ್ದು ಕೇಳಿ, ಬೇಲಿ ಸುತ್ತಿ ಬಂದು ನೋಡಿ, ಈ ಇಂಗ್ಲಿಷ್ ಡ್ಯಾನ್ಸನ್ನು ನಮ್ಮಲ್ಲೂ ಮಾಡಿಸಬೇಕು ಎಂದರು. ಇದು ಇಂಗ್ಲಿಷರದಲ್ಲ ಎಂದು ಲಾದ್ರು ಮಾಮ ತಿದ್ದಿದ. ಯಾರದಾದರೂ ಆಗಲಿ, ಅಮಲ್ದಾರರು ಬರುತ್ತಾರೆ, ಚೆನ್ನಾಗಿರುತ್ತದೆ ಎಂದು ಅವರು ಹೇಳಿ ಹೋದರು. ಹಿಂದಿನ ದಿನ ಲಾದ್ರು ಮಾಮ ನನ್ನೊಬ್ಬಳನ್ನೇ ಮೆಟ್ಟಿಲ ಮೇಲೆ ಕೂರಿಸಿಕೊಂಡ. "ನಾಳೆ ನಿನ್ನ ಮನೆಯವರು ಇರುತ್ತಾರೆ. ಊರು ಇರುತ್ತದೆ. ಅಲ್ಲಿ ಕೈ ಹಿಡಿಯಲಿಕ್ಕೆ ಆಗದಿದ್ದರೆ ಈಗಲೇ ಹೇಳು ಮಗಾ, ಬೇರೆ ರೀತಿ ಮಾಡುವ. ಯಾರಿಗೂ ಬೇಸರ ಇಲ್ಲ." ಬೇರೆ ರೀತಿ ಎಂದರೆ ನನ್ನನ್ನು ಡಾಕ್ಟರ ಮಗನ ಜೊತೆ ಜೋಡಿ ಮಾಡುವುದು ಎಂದು ನನಗೆ ತೋರಿತು. ಡಾಕ್ಟರ ಮಕ್ಕಳಿಬ್ಬರೂ ಕಾಲು ತುಳಿಯುತ್ತಿದ್ದರು. ಹಿಡಿಯುತ್ತೇನೆ ಎಂದೆ. ಎರಡನೇ ಸಲ ಕೇಳಿದ. ಎರಡನೇ ಸಲವೂ ಅದನ್ನೇ ಹೇಳಿದೆ.

ಶಾಲೆಯ ಅಂಗಳದಲ್ಲಿ ಮರದ ಡಿಪೋದಿಂದ ತಂದ ಹಲಗೆಗಳನ್ನು ಜೋಡಿಸಿ ವೇದಿಕೆ ಮಾಡಿದ್ದರು. ಮೂರು ಗಂಟೆಯ ಬಿಸಿಲು, ಹೊಸದಾಗಿ ಕೊಯ್ದ ಸಾಗುವಾನಿಯ ವಾಸನೆ. ಮೋನಕ್ಕ ತನ್ನ ಹಳೆಯ ನೀಲಿ ಪರದೆಯಿಂದ ನಮ್ಮಿಬ್ಬರಿಗೂ ಒಂದೇ ಥರದ ಲಂಗ ಹೊಲಿದಿದ್ದಳು. ಡಾಕ್ಟರ ಮಕ್ಕಳು ಮೊದಲು ಕುಣಿದು ಇಳಿದರು. ಜನ ನಕ್ಕರು, ಅದು ಒಳ್ಳೆಯ ನಗೆಯಾಗಿತ್ತು. ನಮ್ಮ ಸರದಿ ಬಂತು. ಮೊದಲ ಎರಡು ಸುತ್ತು ದೂರ ದೂರ ನಿಂತು ನಮ್ಮ ನಮ್ಮ ಹೆಜ್ಜೆ ಹಾಕುವುದು, ಮೂರನೆಯದಕ್ಕೆ ಕೈ ಹಿಡಿಯುವುದು. ಎರಡನೇ ಸುತ್ತಿನಲ್ಲಿ ನಾನು ಅಜ್ಜಿಯನ್ನು ಕಂಡೆ. ಮುಂದಿನ ಸಾಲಿನಲ್ಲಿ, ಚಾಪೆಯ ತುದಿಯಲ್ಲಿ, ಕೆಂಪು ಸೀರೆಯ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನನ್ನನ್ನೇ ನೋಡುತ್ತಿದ್ದಳು. ಪಕ್ಕದಲ್ಲಿ ಅಗ್ರಹಾರದ ನಾಲ್ಕು ಹೆಂಗಸರು. ಸಣ್ಣಿ ಮೂರನೆಯದಕ್ಕೆ ಸರಿಯಾಗಿ ಕೈ ಚಾಚಿದಳು. ನಾನು ಎರಡೂ ಕೈಯಲ್ಲಿ ಲಂಗದ ನೆರಿಗೆ ಹಿಡಿದುಕೊಂಡೆ.

ಆ ಕೈ ಎರಡು ಎಣಿಕೆಯಷ್ಟು ಹೊತ್ತು ಹಾಗೇ ಇತ್ತು. ಆಮೇಲೆ ಅವಳು ಅದೇ ಕೈಯನ್ನು ಮೇಲಕ್ಕೆತ್ತಿ, ಅದರ ಕೆಳಗೆ ತಾನೇ ಒಂದು ಸುತ್ತು ಸುತ್ತಿದಳು. ನಾನು ಹಲಗೆಯ ಅಂಚಿಗೆ ಸರಿದೆ. ಅವಳು ನಡುವಿಗೆ ಬಂದಳು. ನಮ್ಮ ಎಲ್ಲ ಹೆಜ್ಜೆಗಳನ್ನೂ, ನನ್ನ ಪಾಲಿನದನ್ನೂ ಸೇರಿಸಿ, ಒಬ್ಬಳೇ ಕುಣಿದಳು. ಕುಣಿಯುತ್ತ ಅದಕ್ಕೆ ತನ್ನದನ್ನೂ ಹಾಕಿದಳು. ಜನ ಮೊದಲು ಗುಸುಗುಸು ಎಂದರು, ಆಮೇಲೆ ಹಿಂದಿನಿಂದ ಯಾರೋ ಚಪ್ಪಾಳೆ ಹಿಡಿದರು. ಬರಿಗೈಯಲ್ಲಿ ನಿಲ್ಲಲಾರದೆ ನಾನೂ ತಟ್ಟಿದೆ. ಸ್ವಲ್ಪ ಹೊತ್ತಿನ ಮೇಲೆ ಗೊತ್ತಾಯಿತು, ಒಂದಕ್ಕೇ ತಟ್ಟುತ್ತಿದ್ದೆ. ಗ್ರಾಮಾಫೋನಿನ ಪ್ಲೇಟು ಮೂರು ನಿಮಿಷಕ್ಕೆ ಮುಗಿದು ಬರೀ ಕರಕರ ಎನ್ನತೊಡಗಿತು. ಸಣ್ಣಿ ನಿಲ್ಲಿಸಲಿಲ್ಲ, ಅವಳಿಗೆ ನಿಲ್ಲಿಸುವುದು ಸಾಧ್ಯವಿರಲಿಲ್ಲವೆಂದು ಈಗ ಅನಿಸುತ್ತದೆ, ನಿಂತಿದ್ದರೆ ನನ್ನ ಕಡೆ ತಿರುಗಿ ನಿಲ್ಲಬೇಕಾಗುತ್ತಿತ್ತು. ಆಗ ಲಾದ್ರು ಮಾಮ ಪೆಟ್ಟಿಗೆ ತೆರೆದು ಕಾರ್ನೆಟ್ಟನ್ನು ಬಾಯಿಗಿಟ್ಟ. ಮೋನಕ್ಕ ಜನರ ನಡುವಿನಿಂದ ಎದ್ದು ನಿಂತಳು, ಮತ್ತೆ ಕೂತಳು. ಒಂದು ನಿಮಿಷವಿರಬಹುದು, ಹೆಚ್ಚೆಂದರೆ ಎರಡು. ನಾವು ಅಷ್ಟು ದಿನ ಅವನ ಬಾಯಿಯ ದೂಬಾ ದೂಬಾದಲ್ಲಿ ಕೇಳಿದ್ದು ಇದನ್ನು. ಅದು ಮೇಲಕ್ಕೆ ಹೋಗಿ, ಒಂದಿಷ್ಟು ತಡೆದು, ಇಳಿಯುತ್ತಿತ್ತು. ಅವಳು ಆ ತಡೆಯಲ್ಲಿ ಕಾಲೆತ್ತಿ ಕಾದು, ಇಳಿದಾಗ ಊರುತ್ತಿದ್ದಳು. ಅವನು ನಿಲ್ಲಿಸಿದ್ದೂ ಅವಳು ನಿಂತದ್ದೂ ಒಟ್ಟಿಗೆ. ಅಮಲ್ದಾರರು ಕುರ್ಚಿಯಿಂದಲೇ ಬಾಗಿ ಚಪ್ಪಾಳೆ ತಟ್ಟಿದರು. ಲಾದ್ರು ಮಾಮ ಪರದೆಯ ಹಿಂದೆ ಹೋಗಿ ಬಹಳ ಹೊತ್ತು ಕೆಮ್ಮಿದ.

ಮನೆಗೆ ಹೋಗುವ ದಾರಿಯಲ್ಲಿ ಅಜ್ಜಿ ಮುಂದೆ ಮುಂದೆ ನಡೆದಳು. ನಾನು ಬೈಗುಳಕ್ಕೆ ಕಾದಿದ್ದೆ. ಕೈ ಹಿಡಿಯಲಿಲ್ಲವಲ್ಲ ಎಂಬ ಉತ್ತರವನ್ನೂ ಸಿದ್ಧ ಮಾಡಿಕೊಂಡಿದ್ದೆ. ನಮ್ಮ ಹಿತ್ತಿಲ ಬಾಗಿಲಿನ ಹತ್ತಿರ ಅವಳು ನಿಂತು ದಾಸವಾಳದ ಬೇಲಿಯ ಕಡೆ ನೋಡಿದಳು.

"ಇಲ್ಲಿಂದ ನರ್ಸಮ್ಮನ ಜಗಲಿ ಕಾಂಬದಿಲ್ಲ ಅಂದ್ಕಂಡಿದ್ಯಾ ಕೂಸೇ? ದಿನಾ ನೋಡ್ತಿದ್ದೆ. ಇವತ್ತು ಎಂತಕ್ಕೆ ಕೈ ಹಿಡೀಲಿಲ್ಲ?"

ಅಲ್ಲಿ, ಎಲ್ಲರ ಎದುರಿಗೆ ಹಿಡಿದಿದ್ದರೆ ಅವಳು ಏನೆನ್ನುತ್ತಿದ್ದಳು ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಬಾವಿಗೆ ಕೊಡ ಇಳಿಸಿ ತಾನೇ ನೀರು ಸೇದಿ ನನ್ನ ತಲೆಯ ಮೇಲೆ ಸುರಿದಳು. ಎರಡು ಕೊಡ, ಎಂದಿನಂತೆ.

ಮಾರನೆಯ ದಿನ ಜಗಲಿಗೆ ಹೋದೆ. ಲಾದ್ರು ಮಾಮ ಬೈಯಲಿಲ್ಲ. ನಾನು ಅಳತೊಡಗಿದಾಗ, ಒಬ್ಬರು ಸೊಲ್ಲು ಕೊಡದಿದ್ದರೆ ಹತ್ತಿರ ಇದ್ದವರು ಕೊಡಬೇಕು, ನಿನ್ನೆ ನಾನು ಹತ್ತಿರ ಇದ್ದೆ, ಅಷ್ಟೆ, ಎಂದ. ಸಣ್ಣಿಯೂ ಬಂದಳು. ಹಲಸಿನ ಬೀಜದ ತಟ್ಟೆಯನ್ನು ನನ್ನ ಕಡೆ ಸರಿಸಿ, "ತಗಳಿ ಅಮ್ಮಾರೆ" ಎಂದಳು. ಲಾದ್ರು ಮಾಮ ಜಗಲಿಯ ನಿಯಮವನ್ನು ನೆನಪಿಸಲಿಲ್ಲ. ನಾನೂ ನೆನಪಿಸಲಿಲ್ಲ. ಆಮೇಲೆ ಕುಣಿತ ನಡೆಯಿತೇ ಎಂದರೆ, ನಡೆಯಿತು, ಕೆಲವು ವಾರ. ಅವಳು ಲಾದ್ರು ಮಾಮನ ಬೆರಳ ತುದಿ ಹಿಡಿದು ತಿರುಗುತ್ತಿದ್ದಳು, ನಾನು ಗ್ರಾಮಾಫೋನಿಗೆ ಕೀಲಿ ಕೊಡುತ್ತಿದ್ದೆ. ಮಳೆ ಹಿಡಿಯುವ ಮುಂಚೆ ಅವನ ಜ್ವರ ಇಳಿಯದೆ ಹೋಗಿ, ಮೋನಕ್ಕ ಅವನನ್ನು ಕೊಪ್ಪದ ಮೇಲಿಂದ ಬಸ್ಸಿನಲ್ಲಿ ಘಟ್ಟ ಇಳಿಸಿ ಮಂಗಳೂರಿನ ಆಸ್ಪತ್ರೆಗೆ ಸೇರಿಸಿ ಬಂದಳು. ಆಷಾಢದಲ್ಲಿ ಕಾಗದ ಬಂತು. ಮೋನಕ್ಕ ಅದನ್ನು ಮೆಟ್ಟಿಲ ಮೇಲೆ ನಿಂತೇ ಓದಿದಳು. ಹೆರಿಗೆಗೆ ಕರೆಯಲು ಬಂದಿದ್ದ ಮನುಷ್ಯ ಅಂಗಳದಲ್ಲಿ ಮಳೆಗೆ ಎಲೆಯ ಗೊರಬು ಹೊದ್ದು ಕಾಯುತ್ತಿದ್ದ. ಅವಳು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಚೀಲದೊಳಗಿಟ್ಟು ಅವನ ಹಿಂದೆ ಹೊರಟಳು. ಗಂಡುಮಗು, ತಾಯಿಯೂ ಚೆನ್ನಾಗಿದ್ದಾಳೆ ಎಂದು ಸಂಜೆ ಬಂದು ಅಪ್ಪಯ್ಯನಿಗೆ ಹೇಳಿದ ಮೇಲೆ ಲಾದ್ರು ತೀರಿಕೊಂಡ ಸುದ್ದಿ ಹೇಳಿದಳು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಮಲೇರಿಯಾ ಹಿಡಿಯಿತು. ಹೊಟ್ಟೆಯ ಎಡಭಾಗ ಗಡ್ಡೆ ಕಟ್ಟಿತೆಂದು ಅಪ್ಪಯ್ಯ ನನ್ನನ್ನು ಕೊಪ್ಪಕ್ಕೆ, ಅಮ್ಮನ ತವರಿಗೆ ಕಳಿಸಿದರು. ಅಲ್ಲಿಯೇ ಶಾಲೆಗೂ ಹೋದೆ. ವಾಪಸು ಬಂದದ್ದು ಪುಷ್ಯದಲ್ಲಿ, ಅಪ್ಪಯ್ಯನಿಗೆ ಶೃಂಗೇರಿಗೆ ವರ್ಗವಾಗಿ ಸಾಮಾನು ಕಟ್ಟುತ್ತಿದ್ದಾಗ. ಹೊರಡುವ ದಿನ ಮೋನಕ್ಕನ ಮನೆಗೆ ಹೇಳಿಹೋಗಲು ಹೋದೆ. ಜಗಲಿಯ ಮೇಲೆ ಯಾರೂ ಇರಲಿಲ್ಲ. ಸಣ್ಣಿ ಎಲ್ಲಿ ಎಂದು ಕೇಳಿದೆ. ಅವಳ ಅಪ್ಪ ಬಾಳೆಹೊನ್ನೂರಿನ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಕೆಲಸಕ್ಕೆ ಒಪ್ಪಿಕೊಂಡು ಸಂಸಾರವನ್ನೆಲ್ಲ ಕರೆದುಕೊಂಡು ಹೋಗಿ ಮೂರು ತಿಂಗಳಾಗಿತ್ತು. "ಶಾಲೆ ಬಿಟ್ಟಳು ಮಗಾ, ಹಣ್ಣು ಕೊಯ್ಲಿಗೆ ಹೋಗುತ್ತಾಳಂತೆ. ಹೋಗುವ ದಿನ ನಿನ್ನನ್ನು ಕೇಳಿದಳು. ಕೊಪ್ಪದಲ್ಲಿ ಇದ್ದಾಳೆ ಅಂದೆ." ಇನ್ನೇನಾದರೂ ಹೇಳಿದಳೇ ಎಂದು ಕೇಳಿದೆ. ಇಲ್ಲ, ಅಷ್ಟೇ ಕೇಳಿದ್ದು ಎಂದಳು ಮೋನಕ್ಕ. ಎಸ್ಟೇಟಿನ ಹೆಸರನ್ನೂ ಹೇಳಿದಳು.

ಈಗ ಆ ಮೂರು ಮನೆಗಳ ಸಾಲು ಇಲ್ಲ. ಪುಟ್ಟ ರೈಲು ನಿಂತು, ಕಂಬಿ ಕಿತ್ತು, ಅದು ಓಡುತ್ತಿದ್ದ ದಾರಿ ಯಾವುದೆಂದು ತೋರಿಸುವವರೂ ಉಳಿದಿಲ್ಲ. ಅಜ್ಜಿ ಶೃಂಗೇರಿಯಲ್ಲಿ ತೀರಿಕೊಂಡಳು. ಮೋನಕ್ಕ ನಿವೃತ್ತಳಾಗಿ ಮಂಗಳೂರಿಗೆ ಹೋದವಳು ಕ್ರಿಸ್ಮಸ್ಸಿಗೆ ಎರಡು ಸಲ ಕಾರ್ಡು ಬರೆದಳು, ಮೂರನೇ ವರ್ಷ ಬರೆಯಲಿಲ್ಲ. ಡಾಕ್ಟರ ಮಕ್ಕಳು ಎಲ್ಲಿದ್ದಾರೋ ತಿಳಿಯದು. ನಾನು ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿದೆ. ಗುಲಾಮರಾಗಿ ಸಾಗಿಸಲ್ಪಟ್ಟ ಜನರ ಪಾಠ ಬಂದಾಗ ಚೆನ್ನಾಗಿಯೇ ಹೇಳುತ್ತಿದ್ದೆ ಎಂದು ಮಕ್ಕಳು ಹೇಳುತ್ತಿದ್ದರು. ಮದುವೆಯಾಗಿ ಹೋದ ಮನೆ ಚಿಕ್ಕಮಗಳೂರಿನಲ್ಲಿ. ಶೃಂಗೇರಿಗೂ ಅಲ್ಲಿಗೂ ಓಡಾಡುವಾಗ ಬಸ್ಸು ಬಾಳೆಹೊನ್ನೂರಿನ ಮೇಲೆ ಹೋಗುತ್ತಿತ್ತು. ಊರು ದಾಟಿ ಸ್ವಲ್ಪ ಮುಂದೆ, ಸಿಲ್ವರ್ ಓಕ್ ಮರಗಳ ನಡುವೆ, ಬಲಗಡೆ ಒಂದು ಕಬ್ಬಿಣದ ಗೇಟು, ಅದರ ಮೇಲೆ ಎಸ್ಟೇಟಿನ ಹೆಸರು. ಮೋನಕ್ಕ ಹೇಳಿದ್ದ ಹೆಸರೇ. ಅಲ್ಲಿ ಬಸ್ಸು ನಿಲ್ಲುತ್ತಿತ್ತು, ಕೂಲಿಯ ಹೆಂಗಸರು ಒಬ್ಬಿಬ್ಬರು ಹತ್ತುತ್ತಿದ್ದರು, ಇಳಿಯುತ್ತಿದ್ದರು. ನಾನು ಕಿಟಕಿಯ ಪಕ್ಕ ಕೂತು ಅವರ ಮುಖ ನೋಡುತ್ತಿದ್ದೆ. ಕಂಡಕ್ಟರು ಯಾರಾದರೂ ಇಳಿಯುವವರಿದ್ದೀರಾ ಎಂದು ಇನ್ನೊಮ್ಮೆ ಕೇಳಿ, ಸ್ವಲ್ಪ ಕಾದು, ಸೀಟಿ ಊದುತ್ತಿದ್ದ. ಎಷ್ಟೋ ವರ್ಷ ಆ ದಾರಿಯಲ್ಲಿ ಹೋದೆ. ಒಂದು ಸಲವೂ ಇಳಿಯಲಿಲ್ಲ.